ಸರ್ಕಾರದ ಬೋರ್ಡಿನಲ್ಲಿ ನಮ್ಮೂರು

ನಮ್ಮ ಡ್ರಾಯಿಂಗ್ ಮೇಷ್ಟ್ರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಅದು ಹುಟ್ಟಿನಿಂದ ಬಂದ ಊನವಲ್ಲ. ಕೈ ಮುಂದೆ ಚಾಚಿ, ಹೆಬ್ಬೆರಳು ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ಗುಡ್ಡ, ಮರ, ಗೋಪುರಗಳನ್ನು ಅಳೆದು ಅಳೆದು ಆ ರೆಪ್ಪೆ ತಾನಾಗಿಯೇ ಇಳಿದು ಕೂತುಬಿಟ್ಟಿತ್ತು. ಗೊತ್ತಿಲ್ಲದವರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಸಾಗರದ ಸಂತೆಯಲ್ಲಿ ಬಳೆ ಮಾರುವ ಹೆಂಗಸೊಬ್ಬಳು ಅವರನ್ನು ಬೈದದ್ದನ್ನು ನಾನೇ ಕೇಳಿದ್ದೇನೆ.

"ಈ ವಯಸ್ಸಲ್ಲಿ ಹಿಂಗೆಲ್ಲ ಮಾಡ್ಕಂಡು ತಿರುಗಕ್ಕೆ ನಾಚಿಕೆ ಆಗಲ್ವಾ?" ಅಂದಳು.

ಮೇಷ್ಟ್ರು ಗಾಬರಿಯಲ್ಲಿ ಇನ್ನೊಂದು ಕಣ್ಣನ್ನೂ ಮುಚ್ಚಿಕೊಂಡರು.

ನಾನು ಆಗ ಸಾಗರದ ಒಂದು ಮರದ ಅಂಗಡಿಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದೆ. ನಮ್ಮದು ಬಡಗಿಗಳ ಮನೆತನವಲ್ಲ, ಗೇಣಿ ಗದ್ದೆ ಮಾಡಿಕೊಂಡಿದ್ದವರು. ಸಾಗರಕ್ಕೂ ಹೊಸನಗರಕ್ಕೂ ನಡುವೆ ಹೊನ್ನೆಹಕ್ಕಲು ಅಂತ ನಮ್ಮ ಊರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದು ಶರಾವತಿಯ ನೀರು ಹಿಂದಕ್ಕೆ ಬಂದು ನಿಂತಾಗ ಊರು ಮುಳುಗಿತು. ಗದ್ದೆ ಒಡೆಯರದು, ಮನೆ ಮಾತ್ರ ನಮ್ಮದು. ಬದಲಿ ಜಮೀನಿಗೆ ಅರ್ಜಿ ಹಾಕಿ ಎಂದಿದ್ದರು. ಹೆಬ್ಬೆಟ್ಟು ಒತ್ತಿ ಹಾಕಿದ್ದೆ. ಆ ಅರ್ಜಿ ಯಾವ ಮೇಜಿನ ಮೇಲೆ ಮಲಗಿತ್ತೋ ಗೊತ್ತಿಲ್ಲ. ನಾನೂ ನನ್ನ ಹೆಂಡತಿಯೂ ಸಾಗರದಲ್ಲಿ ಒಂದು ಕೋಣೆ ಹಿಡಿದುಕೊಂಡು, ಉಳಿ ಕೊಡತಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದೆವು.

ಒಂದು ದಿನ ಮೇಷ್ಟ್ರು ಅಂಗಡಿಯ ಬಾಗಿಲಲ್ಲಿ ನಿಂತು ನನ್ನ ಕಡೆ ಹೆಬ್ಬೆರಳು ತೋರಿಸಿ ಕಣ್ಣು ಮುಚ್ಚಿದರು.

"ಎಂತ ಮಾರಾಯ್ರೆ, ನನಗೂ ಕಣ್ಣು ಹೊಡಿತೀರಾ?" ಅಂದೆ.

"ನಿನಗಲ್ಲ ಕಣಾ. ನಿನ್ನ ಹಿಂದಿರೋ ಹಲಗೆಗೆ. ಅದು ಎಷ್ಟು ಉದ್ದ ಅದೆ?"

ಹಾಗೆ ಶುರುವಾಯಿತು. ಅವರು ತೀರ್ಥಹಳ್ಳಿ ಕಡೆಯವರು, ಸಾಗರದ ಸರ್ಕಾರಿ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಆ ಕಾಲದಲ್ಲಿ ಸರ್ಕಾರಕ್ಕೆ ಹೊಸದಾಗಿ ಒಂದು ಆಸೆ ಹುಟ್ಟಿತ್ತು. ನಮ್ಮ ಸೀಮೆಯ ಜಾಗಗಳನ್ನು ನೋಡಲು ಹೊರಗಿನ ಜನ ಬರಬೇಕು, ಅದಕ್ಕೆ ದಾರಿ ದಾರಿಯಲ್ಲಿ ದೊಡ್ಡ ದೊಡ್ಡ ಚಿತ್ರದ ಬೋರ್ಡು ನಿಲ್ಲಿಸಬೇಕು ಅಂತ. ಅದಕ್ಕೆ ಗ್ರಾಂಟು ಕೊಡುತ್ತಿದ್ದರು. ಚಿತ್ರಕ್ಕೆ ಮೇಷ್ಟ್ರು, ಕಂಬಕ್ಕೂ ಚೌಕಟ್ಟಿಗೂ ನಾನು. ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಜೀಪಿನಲ್ಲಿ ಒಬ್ಬ ಸಾಹೇಬರು ಬರುತ್ತಿದ್ದರು. ಅವರು ಒಪ್ಪಿ, ಬೋರ್ಡಿನ ಫೋಟೋ ತೆಗೆದು, ಅದರ ಹಿಂದೆ ಸೈನು ಹಾಕಿ ಮೇಲಕ್ಕೆ ಕಳಿಸಿದರೆ ಲೆಕ್ಕ ಚುಕ್ತಾ.

ಈ ಗ್ರಾಂಟಿಗೆ ಒಂದು ಗುಣವಿತ್ತು. ಅದು ಬೆಂಗಳೂರು ಬಿಟ್ಟು ಶಿವಮೊಗ್ಗ ದಾಟಿ ಸಾಗರ ಮುಟ್ಟುವಷ್ಟರಲ್ಲಿ ಫೆಬ್ರವರಿ ಮುಗಿದಿರುತ್ತಿತ್ತು. ಮಾರ್ಚ್ ಕೊನೆಯೊಳಗೆ ಖರ್ಚಾಗದಿದ್ದರೆ ವಾಪಸು. ಆದ್ದರಿಂದ ನಮ್ಮ ಬೋರ್ಡುಗಳೆಲ್ಲ ಹುಟ್ಟಿದ್ದು ಮಾರ್ಚ್ ತಿಂಗಳಲ್ಲೇ. ಮಲೆನಾಡು ಪೂರ್ತಿ ಒಣಗಿ, ಗುಡ್ಡದ ಹುಲ್ಲು ಬೆಂಕಿಗೆ ಕಾದು ಕೂತಿರುವ ಕಾಲದಲ್ಲಿ.

ಮೇಷ್ಟ್ರಿಗೂ ಒಂದು ಗುಣವಿತ್ತು. ಜಾಗಕ್ಕೆ ಹೋಗಿ ಕೂತು ನೋಡದೆ ಅವರು ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಕೆಳದಿ ದೇವಸ್ಥಾನದ ಬೋರ್ಡಿಗೆ ಇಡೀ ದಿನ ಅಲ್ಲಿನ ಅಂಗಳದಲ್ಲಿ ಕೂತಿದ್ದರು. ಆಗುಂಬೆಯ ಸೂರ್ಯಾಸ್ತ ಬರೆಯಲು ಹೋದಾಗ ಮೋಡ ಅಡ್ಡ ಬಂತು. "ಅಂದಾಜಿನ ಮೇಲೆ ಬರೆದುಬಿಡಿ ಮೇಷ್ಟ್ರೆ, ಸೂರ್ಯ ಅಂದ್ರೆ ಕೆಂಪಗೆ ಉಂಡೆ ತಾನೆ?" ಎಂದೆ.

"ನಾಳೆನೂ ಮುಳುಗ್ತಾನೆ ಕಣಾ. ಅವನಿಗೆ ಬೇರೆ ಕೆಲಸ ಎಂತದು?" ಎಂದು ಗುಡ್ಡದ ಮೇಲೇ ಟವೆಲ್ಲು ಹಾಸಿ ಮಲಗಿದರು.

ನನಗೆ ಅಕ್ಷರ ಬಂದದ್ದು ಈ ಬೋರ್ಡುಗಳಿಂದಲೇ. ಮೇಷ್ಟ್ರು ಪೆನ್ಸಿಲಿನಲ್ಲಿ ಅಕ್ಷರದ ಹೊರಗೆರೆ ಹಾಕಿ, "ಹೊಟ್ಟೆ ತುಂಬಿಸು" ಎಂದು ಕುಂಚ ಕೊಡುತ್ತಿದ್ದರು. ತುಂಬಿಸುವಾಗ ಅದರ ಹೆಸರು ಹೇಳಬೇಕು. ಎಲ್ಲರೂ ಅ ಆ ಇ ಈ ಕಲಿತರೆ ನಾನು ಮೊದಲು ಕಲಿತದ್ದು ಜೋ. ಆಮೇಲೆ ಗ. ಆಮೇಲೆ ಕೆ, ಳ, ದಿ. ಮೀಸೆ ಬಲಿತ ಗಂಡಸು ಏಣಿಯ ಮೇಲೆ ನಿಂತು "ಕೆ... ಳ... ದಿ..." ಎಂದು ಕೂಗುವುದನ್ನು ಕೇಳಿ ದಾರಿಯ ಜನ ನಗುತ್ತಿದ್ದರು. ಮೇಷ್ಟ್ರು ಕೆಳಗಿನಿಂದಲೇ, "ಅವರು ನಗ್ಲಿ ಬಿಡಾ. ಅವರ ಮನೆ ಹುಡುಗ್ರ ಅಕ್ಷರ ಅಂಗೈ ಅಗಲ, ನಿಂದು ಆಳುದ್ದ!" ಎನ್ನುತ್ತಿದ್ದರು.

ಜೋಗದ ಬೋರ್ಡಿನ ದಿನ ನಾನು ನಿಜವಾಗಿ ಹೆದರಿದೆ. ಮೇಷ್ಟ್ರು ಮಾರ್ಚಿನ ಜೋಗವನ್ನು ಕಂಡ ಹಾಗೆಯೇ ಬರೆದಿದ್ದರು. ಬೋರ್ಡಿನ ತುಂಬ ಕಪ್ಪು ಬಂಡೆ, ಅದರ ಮೇಲೆ ದಾರದ ಹಾಗೆ ನಾಲ್ಕು ಒದ್ದೆ ಗೆರೆ. ಸಾಹೇಬರು ಜೀಪಿನಿಂದ ಇಳಿದು ನೋಡಿದರು. ಟೋಪಿ ತೆಗೆದರು. ಮತ್ತೆ ಹಾಕಿಕೊಂಡರು.

"ಇದೇನ್ರೀ ಇದು, ಜೈಲಿನ ಗೋಡೆನಾ?"

"ಜೋಗ ಸಾರ್."

"ನೀರೆಲ್ರೀ?"

"ಕರೆಂಟಿಗೆ ಹೋಗಿದೆ ಸಾರ್. ಸರ್ಕಾರವೇ ತಗಂಡು ಹೋಗಿದ್ದು."

"ಸರ್ಕಾರದ ದುಡ್ಡಲ್ಲಿ ಬಂಡೆ ತೋರಿಸ್ತೀರಾ? ಇದನ್ನ ನೋಡಿ ಯಾರ್ರೀ ಬರ್ತಾರೆ?"

"ಬಂದೋರು ಬೈಯಲ್ಲ ಸಾರ್."

ಜೀಪಿನಲ್ಲಿ ಬಂದವರ ಎದುರಿಗೆ ನಿಂತು ಹೀಗೆ ಮಾತಾಡುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಊರು ಖಾಲಿ ಮಾಡಿಸಲು ಬಂದವರ ಮುಂದೆ ನಮ್ಮ ಹಿರಿಯರೆಲ್ಲ ಟವೆಲ್ಲು ಸೊಂಟಕ್ಕೆ ಕಟ್ಟಿ ನಿಂತದ್ದಷ್ಟೇ ನನಗೆ ಗೊತ್ತು. ಏಣಿಯ ಮೇಲೆ ನಿಂತಿದ್ದ ನಾನೂ ತಲೆಯ ಟವೆಲ್ಲು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ.

"ಆಷಾಢದಲ್ಲಿ ಗ್ರಾಂಟು ಕೊಡಿಸಿ ಸಾರ್, ಬೋರ್ಡು ತುಂಬ ನೀರು ಬರಿತೀನಿ" ಎಂದರು ಮೇಷ್ಟ್ರು.

"ಆಷಾಢದಲ್ಲಿ ಗ್ರಾಂಟು ಕೊಡಿಸೋ ಹಾಗಿದ್ರೆ ನಾನ್ಯಾಕೆ ಈ ಜೀಪಲ್ಲಿ ಧೂಳು ಕುಡೀತಿದ್ದೆ?" ಎಂದು ಸಾಹೇಬರು ಕಲ್ಲಿನ ಮೇಲೆ ಕೂತರು. "ಮೇಷ್ಟ್ರೇ, ನೀವು ಮಳೇಲಿ ಜೋಗ ನೋಡಿಲ್ವಾ?"

"ನೋಡಿದೀನಿ."

"ಮತ್ತೆ? ನೋಡಿದ್ದನ್ನೇ ಬರೀರಿ. ಯಾವತ್ತು ನೋಡಿದ್ದು ಅಂತ ಬೋರ್ಡು ಕೇಳಲ್ಲ."

ಮೇಷ್ಟ್ರು ಯೋಚಿಸಿ, ಅದು ಸುಳ್ಳಲ್ಲ ಎಂದು ಒಪ್ಪಿ, ಬಂಡೆಯ ಮೇಲೆ ನೀರು ಸುರಿಸಿದರು. ಸಾಹೇಬರು ಕೆಟ್ಟವರಲ್ಲ. ಅವರ ತಲೆಯ ಮೇಲೂ ಒಂದು ಮಾರ್ಚ್ ಇತ್ತು, ಅಷ್ಟೆ.

ಮುಂದಿನ ವರ್ಷ ಬಂದ ಆರ್ಡರ್ ಹಿನ್ನೀರಿನದು. ಅಲ್ಲಿ ದೋಣಿ ಬಿಡುತ್ತೇವೆ, ಜನ ವಿಹಾರಕ್ಕೆ ಬರಬೇಕು ಎಂದು ಮೇಲಿನವರು ಮಾದರಿ ಚಿತ್ರವೊಂದನ್ನೂ ಕಳಿಸಿದ್ದರು. ನೀಲಿ ಸರೋವರ, ಬಿಳಿ ದೋಣಿ, ದೋಣಿಯಲ್ಲಿ ಕೊಡೆ ಹಿಡಿದ ಹೆಂಗಸು.

"ಬಿಸಿಲಲ್ಲಿ ಕೊಡೆ ಹಿಡ್ಕಂಡಿದಾಳಲ್ಲ, ಇವಳಿಗೆ ಎಂತ ಕಾಯಿಲೆ?" ಎಂದರು ಮೇಷ್ಟ್ರು. "ಇರ್ಲಿ, ಹೋಗಿ ನೋಡಣ. ಜಾಗ ಎಲ್ಲಿ?"

ನಾನು ಆರ್ಡರಿನಲ್ಲಿ ಬರೆದಿದ್ದ ರಸ್ತೆಯ ಹೆಸರು ಓದಿದೆ. ಆಗ ನನಗೆ ಅಷ್ಟು ಓದಲು ಬರುತ್ತಿತ್ತು. ಓದಿದ ಮೇಲೆ ಯಾಕಾದರೂ ಓದಲು ಬಂತೋ ಅನ್ನಿಸಿತು. ಆ ರಸ್ತೆ ನೀರಿನಲ್ಲಿ ಮುಳುಗಿ ನಿಲ್ಲುವ ಜಾಗದ ಕೆಳಗೇ ಹೊನ್ನೆಹಕ್ಕಲು.

ಮೇಷ್ಟ್ರಿಗೆ ಹೇಳಿದೆ. ಅವರು ಮಾದರಿ ಚಿತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆಮೇಲೆ, "ನೀನು ಬರದಿದ್ರೂ ಆಯ್ತು" ಎಂದರು. ನಾನು ಬರುತ್ತೇನೆ ಎಂದೆ. ನನ್ನ ಹೆಂಡತಿಯೂ ಬುತ್ತಿ ಕಟ್ಟಿಕೊಂಡು ಹೊರಟಳು. ಊರು ಬಿಟ್ಟ ಮೇಲೆ ನಾವಿಬ್ಬರೂ ಆ ಕಡೆ ತಲೆ ಹಾಕಿರಲಿಲ್ಲ. ನೀರು ನೋಡಿಕೊಂಡು ಬರುತ್ತೇವೆ ಎಂದೇ ಹೋದದ್ದು.

ನೀರು ಇರಲಿಲ್ಲ. ಬೇಸಿಗೆಗೆ ಹಿಂದೆ ಸರಿದಿತ್ತು. ಅದು ಹೀಗೆ ಸರಿಯುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಮುಳುಗಿದ್ದು ಮುಳುಗಿತು ಎಂದುಕೊಂಡಿದ್ದೆವು. ಊರು ಮೇಲೆ ಬಂದು ಕೂತಿತ್ತು. ಬೂದಿ ಬಣ್ಣದ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಅದರ ನಡುವೆ ಮರಗಳ ಬುಡ, ಬಾವಿಯ ಕಟ್ಟೆ, ಗೋಡೆಗಳಿಲ್ಲದ ಮನೆಗಳ ಕಲ್ಲಿನ ಜಗಲಿ. ಯಾರ ಮನೆ ಯಾವುದು ಎಂದು ಕಣ್ಣು ಮುಚ್ಚಿ ಹೇಳಬಹುದಾಗಿತ್ತು. ಒಂದು ಹಕ್ಕಿಯೂ ಇರಲಿಲ್ಲ. ಸತ್ತವರನ್ನು ಸುಟ್ಟು ಬಂದ ಮೇಲೆ ಅವರು ಬಾಗಿಲಲ್ಲಿ ಕೂತಿರುವುದನ್ನು ಕಂಡ ಹಾಗೆ ಆಯಿತು.

ನನ್ನ ಹೆಂಡತಿ ಬುತ್ತಿಯನ್ನು ನನ್ನ ಕೈಗೆ ಕೊಟ್ಟು ಇಳಿದು ಹೋದಳು. ನಮ್ಮ ಮನೆಯ ಜಗಲಿಯ ಹತ್ತಿರ ನಿಂತಳು. ಅಳುತ್ತಾಳೆ ಎಂದುಕೊಂಡೆ. ಅವಳು ದಡದ ಪೊದೆಯಿಂದ ಒಂದು ಹಿಡಿ ಕಡ್ಡಿ ಮುರಿದುಕೊಂಡು ಬಂದು, ಸೆರಗು ಸಿಕ್ಕಿಸಿ, ಜಗಲಿ ಗುಡಿಸಲು ಶುರು ಮಾಡಿದಳು. ಜಗಲಿ ಆಯಿತು, ನಡುಮನೆ ಇದ್ದ ಜಾಗ ಆಯಿತು, ಅಡಿಗೆಮನೆ ಇದ್ದ ಜಾಗಕ್ಕೆ ಹೋದಳು. ಬಾಗಿಲು ಇದ್ದ ಕಡೆಯಿಂದಲೇ ಹೋದಳು. ಗೋಡೆ ಇದ್ದ ಕಡೆ ಕಾಲಿಡಲಿಲ್ಲ.

ಮೇಷ್ಟ್ರು ಅವತ್ತು ಹೆಬ್ಬೆರಳು ಎತ್ತಿ ಅಳೆಯಲಿಲ್ಲ. ಎರಡು ಕಣ್ಣೂ ಪೂರ್ತಿ ತೆರೆದಿದ್ದವು.

ಮಧ್ಯಾಹ್ನ ಅಲ್ಲೇ ಕೂತು ಉಂಡೆವು. ಅವಳು ಮೇಷ್ಟ್ರಿಗೆ ಊರು ತೋರಿಸುತ್ತ ಹೋದಳು. ಇದು ಇಂಥವರ ಮನೆ, ಇಲ್ಲಿ ಭತ್ತ ಬಡಿಯುವ ಕಣ, ಈ ಬಾವಿಯ ನೀರಿಗೆ ಬೇಳೆ ಬೇಗ ಬೇಯುತ್ತಿತ್ತು, ಆ ಬಾವಿಯದಕ್ಕೆ ಇಲ್ಲ. ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸುತ್ತ, "ಆಚೆ ಮನೆ ಯಾರದು? ಅವರಿಗೆ ಎಷ್ಟು ಮಕ್ಕಳು?" ಎಂದು ಸಂಬಂಧ ಬೆಳೆಸಲು ಬಂದವರ ಹಾಗೆ ಕೇಳುತ್ತಿದ್ದರು.

ಆಮೇಲೆ ಅವರು ರಸ್ತೆ ಬದಿಯ ದೊಡ್ಡ ತಗಡಿನ ಮೇಲೆ ಬರೆದದ್ದು ಸರೋವರವಲ್ಲ. ಬಿರಿದ ಕೆಸರು, ಮರದ ಬುಡಗಳು, ಬಾವಿಕಟ್ಟೆ, ಗೋಡೆ ಇಲ್ಲದ ಮನೆ ಗುಡಿಸುತ್ತಿರುವ ಒಬ್ಬ ಹೆಂಗಸು. ಬೋರ್ಡಿನ ಕೆಳಪಟ್ಟಿಯಲ್ಲಿ ಮೇಲಿನಿಂದ ಒಪ್ಪಿ ಬಂದ ಮಾತು, ಅದನ್ನು ಬದಲಾಯಿಸುವಂತಿರಲಿಲ್ಲ: "ನೌಕಾವಿಹಾರಕ್ಕೆ ಬನ್ನಿ. ಮೈಸೂರು ರಾಜ್ಯ ಸರ್ಕಾರ."

ಚಿತ್ರದ ಮೇಲೆ ಊರಿನ ಹೆಸರು ಬರೆಯಬೇಕಿತ್ತು. ನಾನು ಕುಂಚ ಹಿಡಿದು ಹೊರಗೆರೆಗೆ ಕಾದೆ.

"ನಿನ್ನೂರಿನ ಹೆಸರು. ನೀನೇ ಬರಿ" ಎಂದರು ಮೇಷ್ಟ್ರು.

ಯಾರ ಗೆರೆಯೂ ಇಲ್ಲದೆ ನಾನು ಬರೆದ ಮೊದಲ ಶಬ್ದ ಹೊನ್ನೆಹಕ್ಕಲು. ಬರೆದು ಕೆಳಗಿಳಿದು ನೋಡಿದರೆ ಸೊಟ್ಟಗಿತ್ತು. ಅಳಿಸುತ್ತೇನೆ ಎಂದೆ.

"ಇರ್ಲಿ ಬಿಡಾ. ನಿಮ್ಮೂರೇನು ನೆಟ್ಟಗಿತ್ತಾ?"

ಬೇರೆಲ್ಲಿಯೂ ಆ ಹೆಸರು ಉಳಿದಿರಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ಇರಲಿಲ್ಲ, ಮೈಲಿಗಲ್ಲು ಮುಳುಗಿತ್ತು, ನಮ್ಮವರು ಆನಂದಪುರ, ಹೊಸನಗರ, ಶಿವಮೊಗ್ಗ ಎಂದು ಚದುರಿ ಹೋಗಿದ್ದರು. ಈ ತಗಡು ನಿಂತರೆ ಊರು ನಿಂತ ಹಾಗೆ ಎಂದು ನನಗೆ ಆಸೆ ಹತ್ತಿತು. ಅಷ್ಟು ದೊಡ್ಡ ಆಸೆ ನನಗೆ ಜಮೀನಿನ ಮೇಲೂ ಇರಲಿಲ್ಲ.

ಮಾರ್ಚ್ ಕೊನೆಗೆ ಸಾಹೇಬರ ಜೀಪು ಬಂತು. ಇಳಿದವರು ಬಹಳ ಹೊತ್ತು ಬೋರ್ಡಿನ ಮುಂದೆ ನಿಂತರು.

"ಆ ಹೆಂಗಸು ಏನ್ ಮಾಡ್ತಿದಾಳೆ?"

"ಗುಡಿಸ್ತಿದಾಳೆ" ಎಂದರು ಮೇಷ್ಟ್ರು.

"ಏನನ್ನ?"

"ಮನೇನ."

"ಮನೆ ಎಲ್ಲಿ?"

ಮೇಷ್ಟ್ರು ಕುಂಚದಲ್ಲೇ ಕೆಳಗೆ ತೋರಿಸಿದರು. ಸಾಹೇಬರು ತಿರುಗಿ ಹಿನ್ನೀರಿನ ಕಡೆ ನೋಡಿದರು. ಅಲ್ಲಿಂದ ಊರು ಕಾಣುತ್ತಿತ್ತು. ಜೀಪಿಗೆ ಒರಗಿ, "ಅಯ್ಯೋ ದೇವ್ರೇ" ಎಂದರು. ಅದು ನಮ್ಮ ಮೇಲಿನ ಸಿಟ್ಟಿನಿಂದ ಬಂದ ಮಾತಾಗಿರಲಿಲ್ಲ.

ಆದರೆ ಸ್ವಲ್ಪ ಹೊತ್ತಿಗೆ ಅವರೊಳಗಿನ ಸಾಹೇಬರು ಎದ್ದು ಬಂದರು. "ಮೇಷ್ಟ್ರೇ, ಇದು ನಿಲ್ಲೋ ಮಾತಲ್ಲ. ಇದರ ಫೋಟೋ ಮೇಲೆ ಹೋದ್ರೆ ನನ್ನ ತಲೆನೂ ಹೋಗುತ್ತೆ, ನಿಮ್ಮದೂ ಹೋಗುತ್ತೆ. ನೀರು ಹಾಕ್ರಿ."

"ನಾನು ಇಲ್ಲಿ ನೀರು ಕಂಡಿಲ್ಲ ಸಾರ್."

"ಮಳೆಗಾಲದಲ್ಲಿ ತುಂಬುತ್ತಲ್ರೀ!"

"ಆವಾಗ ಕರೀರಿ, ಬಂದು ನೋಡ್ತೀನಿ."

ಸಾಹೇಬರು ನನ್ನ ಕಡೆ ತಿರುಗಿದರು. "ನೀನು ಇದೇ ಊರಿನೋನಾ? ಬದಲಿ ಜಮೀನು ಸಿಕ್ತಾ?"

"ಇಲ್ಲ ಸಾರ್. ಅರ್ಜಿ ಹಾಕಿದೀನಿ."

ಅವರು ಮೇಷ್ಟ್ರಿಗೆ ಮಾತ್ರ ಕೇಳುವ ಹಾಗೆ, ಆದರೆ ನನಗೂ ಕೇಳಿಸಿತು, ಹೇಳಿದರು: "ಇವನ ಅರ್ಜಿ ನೋಡೋರೂ ಸರ್ಕಾರದೋರೇ. ಸರ್ಕಾರದ ಬೋರ್ಡಲ್ಲಿ ಸರ್ಕಾರಾನೇ ಬೈದ ಅಂತ ಇವನ ಹೆಸರು ಬಂದ್ರೆ ಆ ಕಾಗದ ಮೇಲೇಳುತ್ತಾ? ಹೆದರಿಸ್ತಿಲ್ಲ ಮೇಷ್ಟ್ರೇ. ಹೆಂಗ್ ನಡೆಯುತ್ತೆ ಅಂತ ಹೇಳ್ತಿದೀನಿ."

ಇಷ್ಟು ಹೇಳಿ ಪ್ರವಾಸಿ ಬಂಗಲೆಗೆ ಊಟಕ್ಕೆ ಹೋದರು. ಸಂಜೆ ಫೋಟೋ ತೆಗೆಯುವುದಾಗಿ ಹೇಳಿದರು.

ಮೇಷ್ಟ್ರು ಬಗ್ಗುವುದಿಲ್ಲ ಎಂದು ನನಗೆ ಖಾತ್ರಿ ಇತ್ತು. ಅವರು ಎದ್ದು ಬಕೆಟ್ಟಿಗೆ ನೀರು ತುಂಬಿಸಿ, ಶಾಲೆಯ ಡಬ್ಬಿಯ ನೀಲಿ ಪುಡಿ ಸುರಿದು, ಗೋಂದು ಹಾಕಿ ಕಲಸತೊಡಗಿದರು. ನಾನು ನೋಡುತ್ತ ನಿಂತಿದ್ದಂತೆಯೇ ದೊಡ್ಡ ಕುಂಚ ಎತ್ತಿ ಊರಿನ ಮೇಲೆ ನೀಲಿ ಬಳಿದರು. ಮೊದಲು ಬಾವಿ ಹೋಯಿತು. ಮನೆಗಳು ಹೋದವು. ನನ್ನ ಹೆಂಡತಿ ಸೊಂಟದವರೆಗೆ ಮುಳುಗಿದಳು, ಆಮೇಲೆ ಕೊರಳು, ಆಮೇಲೆ ಹೋದಳು. ನಾನು ಬರೆದ ಹೆಸರೂ ಹೋಯಿತು. ಕೊನೆಗೆ ಒಂದು ಬಿಳಿ ದೋಣಿ ಬಂತು.

ಅಣೆಕಟ್ಟಿನ ನೀರು ಏರಿದಾಗ ನನಗೆ ಆಗದ ಸಂಕಟ ಅವತ್ತು ಆಯಿತು. ಆ ನೀರು ನಮ್ಮನ್ನು ಕಂಡಿರಲಿಲ್ಲ. ಇವರು ನಮ್ಮ ಜೊತೆ ಉಂಡವರು. ಸಂಜೆ ಸಾಹೇಬರು ಬೋರ್ಡಿನ ಅಕ್ಕಪಕ್ಕ ನಮ್ಮಿಬ್ಬರನ್ನು ನಿಲ್ಲಿಸಿ ಫೋಟೋ ತೆಗೆದು ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಮೇಷ್ಟ್ರನ್ನು ಬಿಟ್ಟು ಹಿಂದಿನ ಸೀಟಿಗೆ ಹೋಗಿ ಕೂತೆ. ಅವರೂ ಕರೆಯಲಿಲ್ಲ.

ಮೊದಲ ದೊಡ್ಡ ಮಳೆ ಬಂದ ಮರುದಿನ, ಆ ಕಡೆ ಓಡುವ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಕೂಗಿದ. "ಏ ಮಾರಾಯ, ನಿಮ್ಮ ಮೇಷ್ಟ್ರ ಬೋರ್ಡಿಂದ ನೀಲಿ ಸುರಿತಾ ಅದೆ! ರಸ್ತೆ ಎಲ್ಲ ನೀಲಿ! ನೋಡಿದ್ಯಾ?"

ಉಳಿ ಅಲ್ಲೇ ಬಿಟ್ಟು ಅದೇ ಬಸ್ಸು ಹತ್ತಿದೆ. ಬೋರ್ಡಿನ ಕೆಳಗೆ ನೀಲಿ ಕೊಚ್ಚೆ ನಿಂತಿತ್ತು. ಸರೋವರ ಕರಗಿ ಹೋಗಿತ್ತು. ಎಣ್ಣೆ ಬಣ್ಣದಲ್ಲಿ ಬರೆದ ಊರು ತೊಳೆದಿಟ್ಟ ಹಾಗೆ ನಿಂತಿತ್ತು. ಮಳೆಯಲ್ಲಿ ನೆನೆಯುತ್ತ ನನ್ನ ಹೆಂಡತಿ ಮನೆ ಗುಡಿಸುತ್ತಿದ್ದಳು. ಮೇಲೆ ನನ್ನ ಸೊಟ್ಟ ಅಕ್ಷರ. ಕೆಳಗೆ, ಎಣ್ಣೆ ಬಣ್ಣವೇ ಆದ್ದರಿಂದ ಒಂದು ಚೂರೂ ಮಾಸದೆ: "ನೌಕಾವಿಹಾರಕ್ಕೆ ಬನ್ನಿ. ಮೈಸೂರು ರಾಜ್ಯ ಸರ್ಕಾರ."

ಸಾಗರಕ್ಕೆ ವಾಪಸು ಬಂದು ಮೇಷ್ಟ್ರ ಮನೆಗೆ ಓಡಿದೆ. ಅವರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಹೋಯ್ತನಾ?" ಎಂದರು.

"ಬೇಕಂತ ಮಾಡಿದ್ರಾ?"

"ಸಾಹೇಬ್ರು ನೀರು ಹಾಕು ಅಂದ್ರು, ಹಾಕಿದೆ. ಮಳೆ ತಡಿಯೋ ನೀರು ಬೇಕು ಅಂತ ಅವರು ಹೇಳ್ಲಿಲ್ಲ." ಲೋಟ ಕೆಳಗಿಟ್ಟರು. "ಅದಿರ್ಲಿ, ನಿನ್ನ ಜಮೀನಿನ ಆರ್ಡರ್ ಎಂತಾಯ್ತು?"

"ಹೋದ ವಾರ ಬಂತು. ಆನಂದಪುರದ ಹತ್ರ."

"ಹಂಗಾದ್ರೆ ಬಿಡು" ಎಂದು ಮತ್ತೆ ಲೋಟ ಎತ್ತಿಕೊಂಡರು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮಾರ್ಚಿನಿಂದ ಆ ದಿನದವರೆಗೆ ಅವರು ಕಾದದ್ದು ಮಳೆಗೊಂದೇ ಅಲ್ಲ ಎಂದು ನನಗೆ ಆಗ ತಿಳಿಯಿತು.

ಸುದ್ದಿ ಹಬ್ಬಿತು. ನಮ್ಮೂರಿನವರು ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಬೋರ್ಡು ನೋಡಲು ಬಂದರು. ನಮ್ಮ ಮನೆ ಯಾಕೆ ಚಿಕ್ಕದಾಗಿ ಬಂದಿದೆ ಎಂದು ಜಗಳ ತೆಗೆದವರೂ ಇದ್ದರು. ನನ್ನ ಹೆಂಡತಿ ಮಾತ್ರ ಮೇಷ್ಟ್ರನ್ನು ಹಿಡಿದು ಬೈದಳು. "ಸೆರಗು ಸಿಕ್ಕಿಸ್ಕಂಡಿರೋದನ್ನೇ ಬರೆದು ರಸ್ತೆ ಮೇಲೆ ನಿಲ್ಸಿದೀರಲ್ಲ! ಒಂದು ಮಾತು ಹೇಳಿದ್ರೆ ಒಳ್ಳೆ ಸೀರೆ ಉಟ್ಕಂಡ್ ಬರ್ತಿದ್ದೆ." ಕಂಡಕ್ಟರು ಆ ಜಾಗ ಬಂದಾಗ, "ಹೊನ್ನೆಹಕ್ಕಲು ಇಳಿಯೋರು ಇಳೀರಿ!" ಎಂದು ಕೂಗತೊಡಗಿದ.

ಮೇಲಿನವರಿಗೆ ಮಾತ್ರ ಇದು ಗೊತ್ತೇ ಇರಲಿಲ್ಲ. ಅವರ ಹತ್ತಿರ ಸೈನು ಹಾಕಿದ ಫೋಟೋ ಇತ್ತು, ಅದರಲ್ಲಿ ಸರೋವರ ತುಂಬಿತ್ತು. ಆ ಫೋಟೋವನ್ನು ಪ್ರವಾಸದ ಪುಸ್ತಿಕೆಯಲ್ಲೂ ಅಚ್ಚು ಹಾಕಿಸಿದ್ದರು. ಮುಂದಿನ ವರ್ಷದ ಗ್ರಾಂಟು ಬೇರೆ ಸೀಮೆಗೆ ಹೋಯಿತು. ಎರಡು ಮಳೆಗಾಲ ಬೋರ್ಡು ಹಾಗೆಯೇ ನಿಂತಿತು. ಆಮೇಲೆ ಒಂದು ಬೇಸಿಗೆಯಲ್ಲಿ ಯಾರೋ ದೊಡ್ಡವರು ಪರಸ್ಥಳದ ಅತಿಥಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಕೈಯಲ್ಲಿ ಆ ಪುಸ್ತಿಕೆ ಹಿಡಿದು, ದೋಣಿ ಹುಡುಕಿಕೊಂಡು ಬಂದರಂತೆ. ಬೋರ್ಡಿನ ಮುಂದೆ ಕಾರು ನಿಂತಿತಂತೆ. ಅತಿಥಿಯೊಬ್ಬರು ಹೆಂಗಸಿನ ಚಿತ್ರ ತೋರಿಸಿ ಇವಳು ಯಾರು ಎಂದು ಕೇಳಿದರಂತೆ.

ಆ ವಾರವೇ ಬೋರ್ಡು ಕಿತ್ತರು. ನಾನು ನೆಟ್ಟ ಕಂಬಗಳನ್ನೂ ಬಿಡಲಿಲ್ಲ. ಸಾಹೇಬರನ್ನು ಎಲ್ಲಿಗೋ ಹಾಕಿದರು. ಮೇಷ್ಟ್ರಿಗೆ ದೂರದ ಬಯಲುಸೀಮೆಯ ಒಂದು ಶಾಲೆಗೆ ವರ್ಗವಾಯಿತು, ರಿಟೈರಾಗಲು ಹತ್ತಿರವಿದ್ದಾಗ. ಬಸ್‌ಸ್ಟ್ಯಾಂಡಿನಲ್ಲಿ ನಾನು ಅವರ ಟ್ರಂಕು ಮೇಲೇರಿಸಿ, ನನ್ನಿಂದ ಹೀಗಾಯಿತು ಎಂದು ಬಾಯಿ ತೆರೆದೆ.

"ಸುಮ್ನಿರಾ" ಎಂದರು. "ರಾತ್ರಿ ಶಾಲೆಗೆ ಸೇರ್ಕ. ಬೋರ್ಡಲ್ಲಿ ಇಲ್ದಿರೋ ಅಕ್ಷರಗಳು ಇನ್ನೂ ಸುಮಾರು ಅದಾವೆ."

ಸೇರಿದೆ. ಮಕ್ಕಳಾದ ಮೇಲೆ ಪರೀಕ್ಷೆ ಕಟ್ಟಿ ಪಾಸು ಮಾಡಿದೆ. ಇದನ್ನು ನಾನೇ ಒಂದೊಂದು ಅಕ್ಷರ ಹುಡುಕಿ ಟೈಪು ಮಾಡುತ್ತಿದ್ದೇನೆ ಅಂದರೆ ಅದು ಅವರ ಋಣ.

ಅವರು ತೀರಿಕೊಂಡ ಸುದ್ದಿ ತೀರ್ಥಹಳ್ಳಿಯ ಅವರ ನೆಂಟರೊಬ್ಬರಿಂದ ತಿಳಿಯಿತು. ಕ್ಲಾಸಿನಲ್ಲಿ ನಿಂತವರು ಕುಸಿದು ಬಿದ್ದು ಮತ್ತೆ ಏಳಲಿಲ್ಲವಂತೆ. ನಾನು ಬಯಲುಸೀಮೆಯ ಆ ಊರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕ ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಗೋಡೆಗೆ ಒರಗಿ ಕೂತಿದ್ದರು. ಶಾಲೆಯ ಹೆಡ್ಮಾಸ್ಟರು ಬಂದಿದ್ದರು.

"ನೀವು ಮೇಷ್ಟ್ರ ಊರೋರಾ?" ಎಂದು ಕೇಳಿದರು.

"ಅಲ್ಲ. ಅವರು ತೀರ್ಥಹಳ್ಳಿ ಕಡೆಯೋರು. ನಂದು ಬೇರೆ."

"ತೀರ್ಥಹಳ್ಳಿನಾ? ಇಲ್ವಲ್ಲ, ಹೊನ್ನೆಹಕ್ಕಲು ಅಂತಿದ್ರು."

ತಪ್ಪು ಕೇಳಿಸಿಕೊಂಡೆ ಎಂದು ಮೇಷ್ಟ್ರ ಹೆಂಡತಿಯ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು.

"ಇಲ್ಲಿಗೆ ಬಂದ ದಿನದಿಂದ ಹಂಗೇ ಹೇಳ್ಕಂಡು ಬಂದ್ರು" ಎಂದರು ಮೆಲ್ಲಗೆ. "ನಾನೂ ಬ್ಯಾಡ ಅನ್ನಕ್ಕೆ ಹೋಗ್ಲಿಲ್ಲ."

"ನಮ್ಮ ಹುಡುಗ್ರಿಗೆಲ್ಲ ಆ ಊರು ಬಾಯಿಪಾಠ ಐತೆ" ಎಂದರು ಹೆಡ್ಮಾಸ್ಟರು. "ಎರಡು ಬಾವಿ ಐತಂತೆ, ಒಂದರ ನೀರಲ್ಲಿ ಬ್ಯಾಳೆ ಬೇಯಲ್ವಂತೆ. ಒಂದು ಸಲ ನೋಡ್ಬೇಕು ಅಂತ ನಮಗೂ ಭಾಳ ಆಸೆ. ಕರ್ಕಂಡ್ ಹೋಗಿ ಅಂದ್ರೆ ಮೇಷ್ಟ್ರು ನಗೋರು, ಅಷ್ಟೇಯ. ಯಾವ ಬಸ್ಸು ಹತ್ತಬೇಕು, ಹೇಳಿ?"

ಬೇಸಿಗೆ ರಜೆಯಲ್ಲಿ ಸಾಗರಕ್ಕೆ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದುಬಿಟ್ಟೆ. ಬರುವುದಿಲ್ಲ ಎಂದುಕೊಂಡಿದ್ದೆ.

ಬಂದರು. ಹೆಡ್ಮಾಸ್ಟರು, ಜೊತೆಗೆ ಇಬ್ಬರು ಮೇಷ್ಟ್ರು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ಯಾರದೋ ಮನೆಗೆ ಹೋಗುವ ಹಾಗೆ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು. ನಾನೂ ನನ್ನ ಹೆಂಡತಿಯೂ ಅವರನ್ನು ರಸ್ತೆ ಮುಗಿಯುವ ಜಾಗಕ್ಕೆ ಕರೆದುಕೊಂಡು ಹೋಗಿ ಕೆಳಗೆ ತೋರಿಸಿದೆವು. ನೀರು ಸರಿದು ಊರು ಮೇಲೆ ಬಂದಿತ್ತು.

ಮೂವರೂ ಕಲ್ಲಿನ ಹಾಗೆ ನಿಂತರು.

"ಇದೇನಾ?" ಎಂದರು ಹೆಡ್ಮಾಸ್ಟರು. "ಮುಳುಗೈತೆ ಅಂತ ಮೇಷ್ಟ್ರು ಒಂದಿನಾನೂ ಹೇಳ್ಲಿಲ್ವಲ್ಲ."

ಯಾರೂ ವಾಪಸು ಹೋಗೋಣ ಎನ್ನಲಿಲ್ಲ. ಒಣಗಿದ ಕೆಸರಿನ ಮೇಲೆ ಮೆಲ್ಲಗೆ ಇಳಿದರು. ಕಿರಿಯ ಮೇಷ್ಟ್ರು ಬಾವಿಕಟ್ಟೆ ಮುಟ್ಟಿ, "ಬೇಳೆ ಬೇಯದ ಬಾವಿ ಇದೇ ಅಲ್ವಾ?" ಎಂದರು. ಹೌದು ಎಂದೆ. ಹೆಡ್ಮಾಸ್ಟರು ಸುತ್ತ ನೋಡಿದರು. ಗೋಡೆಗಳಿಲ್ಲದ ಮನೆಗಳು ಸಾಲಾಗಿ ಇದ್ದವು.

"ನಮ್ಮ ಮೇಷ್ಟ್ರ ಮನೆ ಯಾವ್ದು?" ಎಂದು ಕೇಳಿದರು.

ಏನು ಹೇಳಲಿ ಎಂದು ಹೆಂಡತಿಯ ಮುಖ ನೋಡಿದೆ. ಅವಳು ಆಗಲೇ ನಮ್ಮ ಜಗಲಿಯ ಮೇಲೆ ಹತ್ತಿ ನಿಂತಿದ್ದಳು.

"ಇದೇ" ಎಂದಳು. "ಬನ್ನಿ, ಒಳಗೆ ಬನ್ನಿ."

ಅವರು ಮೂವರೂ ಚಪ್ಪಲಿ ಬಿಟ್ಟು ಹತ್ತಿದರು.